ಫೋನ್ 5ಜಿ ಆಯಿತು, ಆಫರ್ ಮಾಯವಾಯಿತು: ಮೊಬೈಲ್ ಕಂಪನಿ ಹೀಗೆ ಮಾಡಬಹುದೇ?

ವಿಜಯನಗರ, ಬಸವೇಶ್ವರನಗರದ ಕಡೆ ರೀಚಾರ್ಜ್ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ: “239 ಹಾಕಿದ್ರೆ 5ಜಿ ಎಷ್ಟು ಬೇಕಾದ್ರೂ ಬರ್ತಿತ್ತು ಸಾರ್. ಅದಕ್ಕೇ ಅಂತ ಇಎಂಐನಲ್ಲಿ 5ಜಿ ಫೋನ್ ತಗೊಂಡೆ. ಕಂತು ಇನ್ನೂ ಮುಗಿದಿಲ್ಲ, ಆ ಪ್ಲಾನೇ ಇಲ್ಲ ಅಂತಾರೆ.” ಈ ಸಿಟ್ಟಿನ ಬೆನ್ನಿಗೇ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, “ಒಮ್ಮೆ ಕೊಟ್ಟ ಪ್ಲಾನನ್ನು ಕಂಪನಿ ಆರು ತಿಂಗಳು ಬದಲಿಸುವಂತಿಲ್ಲ, ಟ್ರಾಯ್‌ಗೆ ದೂರು ಕೊಟ್ಟರೆ ಹಣ ವಾಪಸ್” ಎನ್ನುವುದು. ಇನ್ನೊಂದು, “4ಜಿ ಸಿಮ್ ಬಂದ್ ಆಗುತ್ತದೆ, ಕೂಡಲೇ 5ಜಿಗೆ ಅಪ್‌ಗ್ರೇಡ್ ಮಾಡಿಸಿ” ಎನ್ನುವುದು.

ಮೊದಲನೆಯದು ಅರ್ಧ ಸತ್ಯ. ಎರಡನೆಯದು ಸುಳ್ಳು ಮಾತ್ರವಲ್ಲ, ಬ್ಯಾಂಕ್ ಖಾತೆ ಖಾಲಿಯಾಗಲು ದಾರಿ ಮಾಡಿಕೊಡುವಂಥದ್ದು. ಎರಡನ್ನೂ ಪರಿಶೀಲಿಸೋಣ.

ನಡೆದದ್ದು ಏನು?

ದೇಶದಲ್ಲಿ 5ಜಿ ಸೇವೆಗೆ ಚಾಲನೆ ಸಿಕ್ಕಿದ್ದು 2022ರ ಅಕ್ಟೋಬರ್ 1ರಂದು. ಏರ್‌ಟೆಲ್ ಮೊದಲ ಹಂತದಲ್ಲಿ ಆರಿಸಿಕೊಂಡ ಎಂಟು ನಗರಗಳಲ್ಲಿ ಬೆಂಗಳೂರೂ ಇತ್ತು. ಜಿಯೊ ಇಲ್ಲಿಗೆ ಬಂದದ್ದು ಅದೇ ವರ್ಷದ ನವೆಂಬರ್ 10ರಂದು. ಆರಂಭದಲ್ಲಿ ಜನರಿಗೆ ಎದುರಾದ ತೊಂದರೆ ಪ್ಲಾನಿನದ್ದಲ್ಲ, ಫೋನಿನದ್ದು. ‘5ಜಿ’ ಎಂದು ಡಬ್ಬದ ಮೇಲೆ ಬರೆದಿದ್ದ ಎಷ್ಟೋ ಫೋನುಗಳಲ್ಲಿ 5ಜಿ ಬರುತ್ತಲೇ ಇರಲಿಲ್ಲ, ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ಕಳಿಸುವವರೆಗೆ ಕಾಯಬೇಕಿತ್ತು. ಅಷ್ಟು ದುಡ್ಡು ಕೊಟ್ಟ ಐಫೋನ್‌ನವರೂ ಡಿಸೆಂಬರ್ ತನಕ ಕಾದರು.

ಆಮೇಲೆ ಬಂದದ್ದು ‘ಅನ್‌ಲಿಮಿಟೆಡ್ 5ಜಿ’. ಜಿಯೊ ಇದನ್ನು ‘ವೆಲ್ಕಮ್ ಆಫರ್’ ಎಂದು ಕರೆಯಿತು. 239 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಪ್ಲಾನ್ ಇದ್ದವರಿಗೆ 5ಜಿ ಡೇಟಾಗೆ ದಿನದ ಮಿತಿ ಇರಲಿಲ್ಲ. ಏರ್‌ಟೆಲ್ ಕೂಡ 2023ರ ಮಾರ್ಚ್‌ನಲ್ಲಿ ಇಂಥದ್ದೇ ಆಫರ್ ತಂದಿತು. ಎರಡೂ ಕಂಪನಿಗಳಿಗೆ ಆಗ ಬೇಕಿದ್ದದ್ದು ಜನ 4ಜಿ ಫೋನ್ ಬಿಟ್ಟು 5ಜಿ ಫೋನ್ ಹಿಡಿಯುವುದು. ಜನ ಹಿಡಿದರು.

2024ರ ಜೂನ್ 27ರಂದು ಜಿಯೊ ದರ ಏರಿಕೆ ಘೋಷಿಸಿತು, ಮರುದಿನ ಏರ್‌ಟೆಲ್. ಜುಲೈ 3ರಿಂದ ಎರಡೂ ಜಾರಿಗೆ ಬಂದವು, ವಿ ಒಂದು ದಿನ ತಡವಾಗಿ ಅದೇ ದಾರಿ ಹಿಡಿಯಿತು. 239ರ ಪ್ಲಾನ್ 299 ಆಯಿತು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಇಷ್ಟೇ. ಹೆಚ್ಚು ನೋವಾದದ್ದು ಸಣ್ಣ ಅಕ್ಷರದಲ್ಲಿದ್ದ ಸಾಲಿನಿಂದ: ಇನ್ನು ಮುಂದೆ ಅನ್‌ಲಿಮಿಟೆಡ್ 5ಜಿ ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಡೇಟಾ ಇರುವ ಪ್ಲಾನುಗಳಿಗೆ ಮಾತ್ರ. ಜಿಯೊದಲ್ಲಿ 28 ದಿನದ ಅಂಥ ಪ್ಲಾನಿನ ಬೆಲೆ 349. ಅಂದರೆ ಅದೇ ಸೌಲಭ್ಯಕ್ಕೆ 239ರ ಬದಲು 349 ಕೊಡಬೇಕಾಯಿತು, 110 ರೂಪಾಯಿ ಹೆಚ್ಚು, ಶೇಕಡಾ 46. ಸುದ್ದಿಯಲ್ಲಿ ಕಂಡ ‘ಶೇ. 25ರ ಏರಿಕೆ’ಗೂ ಗ್ರಾಹಕರ ಜೇಬಿನಿಂದ ಹೋದದ್ದಕ್ಕೂ ಇಷ್ಟು ಅಂತರ ಬಂದದ್ದು ಹೀಗೆ.

‘ಆರು ತಿಂಗಳು ಬದಲಿಸುವಂತಿಲ್ಲ’ ಎನ್ನುವುದು ನಿಜವೇ?

ಅಂಥ ನಿಯಮ ಇರುವುದು ನಿಜ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 1999ರ ತನ್ನ ದರ ಆದೇಶಕ್ಕೆ 2004ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಗ್ರಾಹಕರು ಒಂದು ಟ್ಯಾರಿಫ್ ಪ್ಲಾನಿಗೆ ಸೇರಿದ ದಿನದಿಂದ ಕನಿಷ್ಠ ಆರು ತಿಂಗಳು ಅದು ಅವರಿಗೆ ಸಿಗಬೇಕು. ಈ ಅವಧಿಯಲ್ಲಿ ದರ ಇಳಿಸಬಹುದು, ಏರಿಸುವಂತಿಲ್ಲ. 2006ರಲ್ಲಿ ಇನ್ನೊಂದು ಮಾತು ಸೇರಿತು: ಆರು ತಿಂಗಳಿಗಿಂತ ಹೆಚ್ಚಿನ ಅವಧಿಗೆ ಮುಂಗಡ ಹಣ ಪಡೆದಿದ್ದರೆ, ಆ ಪೂರ್ತಿ ಅವಧಿಗೆ ಪ್ಲಾನ್ ಉಳಿಯಬೇಕು. ಆಗ ‘ಲೈಫ್‌ಟೈಮ್’ ಸಿಮ್‌ಗಳ ಕಾಲ, ನೆನಪಿರಬಹುದು.

ಹಾಗಾದರೆ ಫಾರ್ವರ್ಡ್ ಎಡವಿದ್ದು ಎಲ್ಲಿ? ನಾವು ಇಂದು ‘ಪ್ಲಾನ್’ ಎಂದು ಕರೆಯುವ 28 ದಿನ ಅಥವಾ 84 ದಿನದ ರೀಚಾರ್ಜ್, ನಿಯಮದ ಭಾಷೆಯಲ್ಲಿ ಪ್ಲಾನ್ ಅಲ್ಲ, ಅದೊಂದು ವೋಚರ್. ಅದರ ಭರವಸೆ ಅದರ ವ್ಯಾಲಿಡಿಟಿ ಇರುವಷ್ಟು ದಿನ ಮಾತ್ರ. 28ನೇ ದಿನ ರಾತ್ರಿ ಅದು ಮುಗಿಯುತ್ತದೆ, 29ನೇ ದಿನ ನೀವು ಕೊಳ್ಳುವುದು ಹೊಸ ಸರಕು, ಹೊಸ ಬೆಲೆ. ಕಂಪನಿಗಳು ಮೊಬೈಲ್ ದರವನ್ನು ತಾವೇ ನಿಗದಿ ಮಾಡಿಕೊಳ್ಳಲು ಟ್ರಾಯ್ ಬಿಟ್ಟಿದೆ. ಹೊಸ ದರ ಜಾರಿಯಾದ ಏಳು ಕೆಲಸದ ದಿನಗಳೊಳಗೆ ವರದಿ ಕೊಟ್ಟರೆ ಆಯಿತು, ಮೊದಲೇ ಅನುಮತಿ ಪಡೆಯಬೇಕಿಲ್ಲ.

ಆದ್ದರಿಂದ ಆರು ತಿಂಗಳ ನಿಯಮದಿಂದ ನಿಜವಾದ ಪ್ರಯೋಜನ ಇರುವುದು ಪೋಸ್ಟ್‌ಪೇಯ್ಡ್‌ನವರಿಗೆ. ವರ್ಷದ ರೀಚಾರ್ಜ್ ಮಾಡಿಸಿದವರ ಹಣವೂ ಆ ವರ್ಷದ ಮಟ್ಟಿಗೆ ಭದ್ರ. ತಿಂಗಳಿಗೊಮ್ಮೆ ಪ್ರೀಪೇಯ್ಡ್ ಹಾಕಿಸುವವರಿಗೆ, ಅಂದರೆ ನಮ್ಮಲ್ಲಿ ಬಹುಪಾಲು ಜನರಿಗೆ, ಇರುವ ರಕ್ಷಣೆ ಬಹಳ ತೆಳು. ಇದು ನ್ಯಾಯವೇ ಎಂದರೆ, ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಮೂರು ವರ್ಷ ಬಾಳುವ ಫೋನನ್ನು 28 ದಿನದ ಮಾತಿನ ಮೇಲೆ ಕೊಳ್ಳುವಂತೆ ಮಾಡುವುದು ಸರಿಯಲ್ಲ. ಆದರೆ ನ್ಯಾಯವಲ್ಲದ್ದೆಲ್ಲ ಕಾನೂನುಬಾಹಿರವೂ ಆಗಿರುವುದಿಲ್ಲ, ಫಾರ್ವರ್ಡ್ ಮರೆಮಾಚುವುದು ಇದನ್ನೇ.

ಕಂಪನಿಯೇ ಕೊಡುವ ಫೋನ್

“ಅಮೆರಿಕದಲ್ಲಿ ಎರಡು ವರ್ಷಕ್ಕೊಮ್ಮೆ ಕಂಪನಿಯೇ ಹೊಸ ಫೋನ್ ಕೊಡುತ್ತದೆ, ಇಲ್ಲೇಕಿಲ್ಲ?” ಎಂಬ ಪ್ರಶ್ನೆಯೂ ಬರುತ್ತದೆ. ರಾಜಾಜಿನಗರದಲ್ಲಿ ಮಗಳೋ ಅಳಿಯನೋ ಅಲ್ಲಿರುವ ಮನೆಗಳಿಗೆ ಇದು ಗೊತ್ತಿರುವ ವಿಷಯ. ಅಲ್ಲಿಯೂ ಆ ಕಾಲ ಹೋಗಿದೆ. ಈಗ ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಫೋನಿನ ಬೆಲೆಯನ್ನು 36 ತಿಂಗಳ ಕಂತಾಗಿ ಹಂಚಿ, ‘ಉಚಿತ’ ಎಂದ ಮೊತ್ತವನ್ನು ತಿಂಗಳ ಬಿಲ್ಲಿನಲ್ಲಿ ಸ್ವಲ್ಪ ಸ್ವಲ್ಪವೇ ಕಳೆಯುವುದು ಸಾಮಾನ್ಯ. ನಡುವೆ ಕಂಪನಿ ಬಿಟ್ಟರೆ ಉಳಿದ ರಿಯಾಯಿತಿ ಹೋಯಿತು. ಕಂತು ತೀರದ ಫೋನ್ ಎಷ್ಟೋ ಸಲ ಆ ಕಂಪನಿಗೇ ಲಾಕ್ ಆಗಿರುತ್ತದೆ, ಅದನ್ನು ಇಲ್ಲಿಗೆ ತಂದು ನಮ್ಮ ಸಿಮ್ ಹಾಕಿದರೆ ನೆಟ್‌ವರ್ಕ್ ಬರುವುದಿಲ್ಲ. ಊರಿಗೆ ತರುವ ಮೊದಲು ಅಲ್ಲೇ ಅನ್‌ಲಾಕ್ ಮಾಡಿಸಲು ಹೇಳಿ.

ನಮ್ಮಲ್ಲೂ ಇಂಥ ಪ್ರಯೋಗ ಆಗಿದೆ. 2017ರ ಜುಲೈನಲ್ಲಿ ಮುಕೇಶ್ ಅಂಬಾನಿ ಜಿಯೊಫೋನ್ ಪ್ರಕಟಿಸಿದಾಗ ಎಲ್ಲರ ಬಾಯಲ್ಲೂ ‘ಫ್ರೀ ಫೋನ್’. 1,500 ರೂಪಾಯಿ ಠೇವಣಿ, 36 ತಿಂಗಳಾದ ಮೇಲೆ ಫೋನ್ ಹಿಂದಿರುಗಿಸಿದರೆ ಪೂರ್ತಿ ವಾಪಸ್. ಸೆಪ್ಟೆಂಬರಿನಲ್ಲಿ ಷರತ್ತುಗಳ ಪಟ್ಟಿ ಬಂದಾಗ ಚಿತ್ರ ಬೇರೆಯಾಯಿತು: ವರ್ಷಕ್ಕೆ ಕನಿಷ್ಠ 1,500 ರೂಪಾಯಿ ರೀಚಾರ್ಜ್ ಮಾಡಿಸಿರಬೇಕು, ಮೊದಲೇ ಹಿಂದಿರುಗಿಸಿದರೆ ಠೇವಣಿಯಲ್ಲಿ ಕಡಿತ. 2021ರ ಅಕ್ಟೋಬರಿನಲ್ಲಿ ಏರ್‌ಟೆಲ್, ಸುಮಾರು 12,000 ರೂಪಾಯಿವರೆಗಿನ ಆಯ್ದ ಫೋನ್ ಕೊಂಡವರಿಗೆ 6,000 ಕ್ಯಾಶ್‌ಬ್ಯಾಕ್ ಎಂದಿತು. ಅದರಲ್ಲಿ 2,000 ಸಿಗುವುದು 18 ತಿಂಗಳ ನಂತರ, ಉಳಿದ 4,000 ಸಿಗುವುದು 36 ತಿಂಗಳು ತಪ್ಪದೆ ರೀಚಾರ್ಜ್ ಮಾಡಿಸಿದ ಮೇಲೆ. ಇವು ಮೋಸ ಅಲ್ಲ, ಷರತ್ತು ಬರೆದೇ ಇತ್ತು. ಆದರೆ ಫಾರ್ವರ್ಡ್‌ನಲ್ಲಿ ಬಂದದ್ದು 6,000 ಎಂಬ ಅಂಕಿ ಮಾತ್ರ, 36 ಎಂಬ ಅಂಕಿ ಅಲ್ಲ.

‘ಅನ್‌ಲಿಮಿಟೆಡ್’ ಇದ್ದರೂ ಡೇಟಾ ಖಾಲಿಯಾಗುವುದೇಕೆ?

ಹೆಚ್ಚು ಬೆಲೆಯ ಪ್ಲಾನ್ ಹಾಕಿಸಿಯೂ ‘ದಿನದ ಡೇಟಾ ಮುಗಿದಿದೆ’ ಎಂಬ ಮೆಸೇಜ್ ಬಂದರೆ ಸಿಟ್ಟು ಬರುವುದು ಸಹಜ. ಕಾರಣ ಹೀಗಿದೆ. ಮಿತಿ ಇಲ್ಲದಿರುವುದು ಫೋನ್ 5ಜಿ ಸಿಗ್ನಲ್ ಹಿಡಿದಿರುವಾಗ ಬಳಸಿದ ಡೇಟಾಗೆ ಮಾತ್ರ. 4ಜಿಗೆ ಇಳಿದ ಕ್ಷಣದಿಂದ ದಿನದ 2 ಜಿಬಿ ಲೆಕ್ಕ ಶುರು. ನಮ್ಮಲ್ಲಿ 5ಜಿಯ ಮುಖ್ಯ ಹೊರೆ ಹೊರುವ ತರಂಗಗಳು 3,300ರಿಂದ 3,670 ಮೆಗಾಹರ್ಟ್ಸ್ ನಡುವಿನವು. ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ರಾಜಾಜಿನಗರದ ಹಳೆಯ ಬ್ಲಾಕುಗಳ ಒತ್ತೊತ್ತು ಮನೆಗಳ ಒಳಕೋಣೆಯಲ್ಲಿ, ಕೆಂಗೇರಿ ಉಪನಗರದ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಫೋನ್ ಸದ್ದಿಲ್ಲದೆ 4ಜಿಗೆ ಜಾರಿರುತ್ತದೆ. ಮಕ್ಕಳು ಅಲ್ಲಿ ಕುಳಿತು ಒಂದೆರಡು ಗಂಟೆ ಎಚ್‌ಡಿ ವಿಡಿಯೊ ನೋಡಿದರೆ 2 ಜಿಬಿ ಮುಗಿಯಿತು.

ಹಾಗಾಗಿ ದುಬಾರಿ ಪ್ಲಾನಿಗೆ ಹೋಗುವ ಮೊದಲು ಒಂದು ವಾರ ಗಮನಿಸಿ: ನೀವು ದಿನದ ಹೆಚ್ಚು ಹೊತ್ತು ಕೂರುವ ಜಾಗದಲ್ಲಿ ಪರದೆಯ ಮೇಲೆ 5ಜಿ ಎಂದು ಕಾಣುತ್ತದೆಯೇ? ಮನೆಯಲ್ಲಿ ವೈಫೈ ಇದ್ದು, ಹೊರಗೆ ನಕ್ಷೆ ಮತ್ತು ಯುಪಿಐ ಮಾತ್ರ ಬಳಸುವವರಿಗೆ ಆ ಹೆಚ್ಚುವರಿ ಹಣ ದಂಡ. ಡೇಟಾ ಬೇಡವೇ ಬೇಡ ಎನ್ನುವ ಹಿರಿಯರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅಂಗಡಿಯವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

‘ಸಿಮ್ ಅಪ್‌ಗ್ರೇಡ್ ಮಾಡಿಸಿ’ ಕರೆ

ಇದು ಸುಳ್ಳು. 5ಜಿ ಶುರುವಾದಾಗಲೇ ಜಿಯೊ ಮತ್ತು ಏರ್‌ಟೆಲ್ ಎರಡೂ ಈಗಿರುವ 4ಜಿ ಸಿಮ್‌ನಲ್ಲೇ 5ಜಿ ಬರುತ್ತದೆ ಎಂದು ಹೇಳಿದ್ದವು. ಹಳೆಯ 2ಜಿ, 3ಜಿ ಸಿಮ್ ಇರುವ ಬಿಎಸ್‌ಎನ್‌ಎಲ್ ಗ್ರಾಹಕರು ಮಾತ್ರ 4ಜಿ ಸಿಮ್‌ಗೆ ಬದಲಾಗಬೇಕು, ಅದೂ ಗುರುತಿನ ಚೀಟಿ ಹಿಡಿದು ಕೇಂದ್ರಕ್ಕೆ ಹೋಗಿ, ಫೋನ್ ಕರೆಯಲ್ಲಿ ಅಲ್ಲ.

ವಂಚಕರಿಗೆ ಬೇಕಾದದ್ದು ನಿಮ್ಮ ನಂಬರು ಅವರ ಕೈಯಲ್ಲಿರುವ ಸಿಮ್‌ಗೆ ವರ್ಗವಾಗುವುದು. ‘ಅಪ್‌ಗ್ರೇಡ್ ಖಚಿತಪಡಿಸಲು’ ನೀವು ಹೇಳುವ ಒಟಿಪಿಯಿಂದ ಅದು ಆಗುತ್ತದೆ, ಆಮೇಲೆ ಬ್ಯಾಂಕಿನ ಒಟಿಪಿಗಳೆಲ್ಲ ಅವರಿಗೇ. ಈ ದಂಧೆಯನ್ನು ತಡೆಯಲೆಂದೇ ಸಿಮ್ ಬದಲಾದ ನಂತರ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುವ ವ್ಯವಸ್ಥೆ ಇದೆ. 2024ರ ಜುಲೈ 1ರಿಂದ, ಸಿಮ್ ಬದಲಾಗಿ ಏಳು ದಿನ ಕಳೆಯದೆ ನಂಬರನ್ನು ಪೋರ್ಟ್ ಮಾಡಲೂ ಆಗುವುದಿಲ್ಲ. ಕಾರಣವಿಲ್ಲದೆ ಫೋನಿನಲ್ಲಿ ಸಿಗ್ನಲ್ ಪೂರ್ತಿ ಹೋದರೆ ‘ಟವರ್ ಸಮಸ್ಯೆ’ ಎಂದು ಸುಮ್ಮನಿರಬೇಡಿ. ಮನೆಯವರ ಫೋನಿನಿಂದ ಕಂಪನಿಗೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ದೂರು ಎಲ್ಲಿ, ಹೇಗೆ?

ಮೊದಲಿಗೆ, ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲ, ‘ಹಣ ವಾಪಸ್’ ಮಾಡಿಸುವುದೂ ಇಲ್ಲ. ಮಾತು ಕೊಟ್ಟ ಕ್ಯಾಶ್‌ಬ್ಯಾಕ್ ಬಂದಿಲ್ಲ, ಕೇಳದೆ ಸೇವೆ ಹಾಕಿ ಹಣ ಕಡಿದರು, ವ್ಯಾಲಿಡಿಟಿ ಇರುವಾಗಲೇ ಪ್ಯಾಕ್ ನಿಲ್ಲಿಸಿದರು ಎಂಬಂಥ ದೂರಿಗೆ ಮೊದಲ ಬಾಗಿಲು ಕಂಪನಿಯ ದೂರು ಕೇಂದ್ರ, 198. ಅವರು ಕೊಡುವ ಡಾಕೆಟ್ ನಂಬರನ್ನು ಬರೆದಿಟ್ಟುಕೊಳ್ಳಿ, ಅದಿಲ್ಲದೆ ಮುಂದಿನ ಹೆಜ್ಜೆ ಇಲ್ಲ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕ ಇಲ್ಲ, 39 ದಿನಗಳೊಳಗೆ ತೀರ್ಮಾನ ಕೊಡಬೇಕು.

‘ಟೆಲಿಕಾಂ ವಿಷಯ ಗ್ರಾಹಕ ನ್ಯಾಯಾಲಯಕ್ಕೆ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅದು ಹಳೆಯ ಮಾತು. 2022ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್, ವೊಡಾಫೋನ್ ಐಡಿಯಾ ವಿರುದ್ಧ ಅಹಮದಾಬಾದ್‌ನ ಗ್ರಾಹಕರೊಬ್ಬರು ಹೂಡಿದ್ದ ಪ್ರಕರಣದಲ್ಲಿ, ಇಂಥ ದೂರುಗಳನ್ನು ಗ್ರಾಹಕ ಆಯೋಗ ಕೇಳಬಹುದು ಎಂದು ಸ್ಪಷ್ಟಪಡಿಸಿದೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ ನೋಡಬಹುದು. ಅಲ್ಲೆಲ್ಲ ಕೇಳುವುದು ಒಂದೇ ವಸ್ತು: ಆಫರ್ ಘೋಷಿಸಿದ ದಿನದ ಷರತ್ತುಗಳು. ಫೋನ್ ಕೊಂಡ ದಿನವೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಬಿಲ್ಲಿನ ಜೊತೆ ಇಟ್ಟಿರಬೇಕು, ಆಮೇಲೆ ಹುಡುಕಿದರೆ ಪುಟವೇ ಬದಲಾಗಿರುತ್ತದೆ.

ದರ ಏರಿದ್ದೇ ತಕರಾರಾದರೆ ದೂರಿನಿಂದ ಏನೂ ಆಗದು, ಉಳಿಯುವುದು ಪೋರ್ಟ್. 2024ರ ಜುಲೈ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್ ಗ್ರಾಹಕರ ಸಂಖ್ಯೆ ಸುಮಾರು 29 ಲಕ್ಷ ಏರಿದ್ದು ಹೀಗೆ ಸಿಟ್ಟಾದವರಿಂದಲೇ. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಮೊಬೈಲ್ ನಂಬರ್ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಕೋಡ್ ಬರುತ್ತದೆ. ಅದಕ್ಕೆ ನಾಲ್ಕು ದಿನದ ಆಯುಸ್ಸು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಕರ್ನಾಟಕದೊಳಗೇ ಆದರೆ ಮೂರು ಕೆಲಸದ ದಿನ ಸಾಕು. ಹೊರಡುವ ಮೊದಲು, ಪಕ್ಕದ ಮನೆಯವರ ಫೋನಿನಲ್ಲಿ ಹೊಸ ಕಂಪನಿಯ ಸಿಗ್ನಲ್ ನಿಮ್ಮ ಅಡುಗೆಮನೆಯಲ್ಲಿ ಬರುತ್ತದೆಯೇ ನೋಡಿ, ಹಳೆಯ ಪ್ಯಾಕ್‌ನಲ್ಲಿ ಉಳಿದ ದಿನಗಳು ನಿಮ್ಮ ಜೊತೆ ಬರುವುದಿಲ್ಲ.