ಪೊಟ್ಟಣದೊಳಗಿನ ಪೊಟ್ಟಣ

2005ರ ಮುಂಗಾರಿನ ಹೊತ್ತು. ನಾನಾಗ ಕಾಲೇಜು ಹುಡುಗ. ಹಾವೇರಿ ಕಡೆಯ ನಮ್ಮೂರಿಗೆ ಹೋದಾಗ ಕಾಕಾ ಒಂದು ಚಿಕ್ಕ ಪ್ಲಾಸ್ಟಿಕ್ ಪೊಟ್ಟಣ ತಂದು ನನ್ನ ಕೈಯಲ್ಲಿಟ್ಟ. "ಏ ತಮ್ಮಾ, ಬಿಟಿ ಹತ್ತಿ ಬೀಜದ ಪಾಕೀಟಿನಾಗ ಇದೊಂದು ಸಣ್ಣ ಪಾಕೀಟ್ ಇಟ್ಟಾರ. ಏನಂತ ಓದಿ ಹೇಳು."

ಓದಿ ಹೇಳಿದೆ. ದೊಡ್ಡ ಪೊಟ್ಟಣದಲ್ಲಿ 450 ಗ್ರಾಂ ಬಿಟಿ ಬೀಜ, ಚಿಕ್ಕದರಲ್ಲಿ 120 ಗ್ರಾಂ ಬಿಟಿ ಅಲ್ಲದ ಬೀಜ. ಇದನ್ನು ಹೊಲದ ಸುತ್ತ ಬಿತ್ತಬೇಕು. ಒಟ್ಟು ಹೊಲದ ಶೇ. 20ರಷ್ಟು ಅಥವಾ ಐದು ಸಾಲು, ಯಾವುದು ಹೆಚ್ಚೋ ಅಷ್ಟು. ಹುಳಕ್ಕೆ ಆಸರೆಯಾಗಲಿ ಅಂತ.

ಕಾಕಾ ನನ್ನ ಮುಖವನ್ನೇ ನೋಡಿದ. "ಹುಳಕ್ಕ ಐದು ಸಾಲು ಬಿಡಬೇಕ? ಬಾಡಿಗಿ ಕೊಡತಾವೇನು ಅವು?"

ಆ ಪೊಟ್ಟಣ ಅಟ್ಟದ ಮೇಲಿನ ಡಬ್ಬಿ ಸೇರಿತು. ಮುಂದಿನ ವರ್ಷ ಇನ್ನೆರಡು ಸೇರಿದವು. ಬಿತ್ತಿದ್ದು ಮಾತ್ರ ಒಂದು ವರ್ಷವೂ ಇಲ್ಲ. ಆ ದಿನ ಕಾಕಾನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಗೊತ್ತಾಗಿದ್ದು ಇಷ್ಟು: ಸರ್ಕಾರದ ಇಡೀ ಜೈವಿಕ ಸುರಕ್ಷತಾ ಕಾನೂನಿನಲ್ಲಿ ರೈತನ ಕೈಗೆ ನೇರವಾಗಿ ತಲುಪಿದ್ದು ಆ 120 ಗ್ರಾಂ ಮಾತ್ರ. ಅದು ಹೊಲದವರೆಗೆ ಬಂದ ದಾರಿಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಹುಳದ ವಿಷಯ ಮುಗಿಸೋಣ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬುದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. ಅದು ತಯಾರಿಸುವ ಒಂದು ಪ್ರೋಟೀನು ಕಾಯಿಕೊರಕದ ಹೊಟ್ಟೆಗೆ ಹೋದರೆ ಕರುಳು ತೂತಾಗಿ ಹುಳ ಸಾಯುತ್ತದೆ. ಆ ಪ್ರೋಟೀನಿನ ಜೀನನ್ನು ಹತ್ತಿ ಗಿಡದೊಳಗೆ ಸೇರಿಸಿದರೆ ಅದೇ ಬಿಟಿ ಹತ್ತಿ. ಆದರೆ ಲಕ್ಷ ಹುಳಗಳಲ್ಲಿ ಎಲ್ಲೋ ಒಂದೆರಡಕ್ಕೆ ಆ ವಿಷವನ್ನು ತಡೆದುಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಇರಬಹುದು. ಊರಿಗೆ ಊರೇ ಬಿಟಿ ಬಿತ್ತಿದರೆ ಉಳಿಯುವುದು ಅಂಥವು ಮಾತ್ರ, ಕೂಡುವುದು ಅವೇ, ಹುಟ್ಟುವ ಮರಿಗಳೂ ಹಾಗೇ. ಪಕ್ಕದಲ್ಲಿ ಸಾದಾ ಹತ್ತಿ ಇದ್ದರೆ ಅಲ್ಲಿ ಸಾದಾ ಹುಳಗಳು ಬದುಕಿರುತ್ತವೆ. ಗಟ್ಟಿ ಹುಳ ಅವುಗಳ ಜೊತೆ ಕೂಡಿದಾಗ ಮರಿಗಳು ಮತ್ತೆ ಬಿಟಿಗೆ ಸಾಯುವಂಥವಾಗುತ್ತವೆ ಎಂಬುದು ಲೆಕ್ಕ. ಅಂದರೆ ಹುಳ ಬಾಡಿಗೆ ಕೊಡುತ್ತದೆ, ಆದರೆ ಹತ್ತು ವರ್ಷ ತಡವಾಗಿ, ಅದೂ ಇಡೀ ಊರಿಗೆ. ಒಬ್ಬ ರೈತನ ಕೈಗಲ್ಲ.

ಈಗ ಕಾನೂನಿಗೆ ಬರೋಣ. ನಮ್ಮ ದೇಶದಲ್ಲಿ ಕುಲಾಂತರಿ ಬೀಜದ ಹಣೆಬರಹ ಬರೆಯುವುದು ಕೃಷಿ ಇಲಾಖೆಯಲ್ಲ, ಪರಿಸರ ಇಲಾಖೆ. ಯಾಕೆ ಅಂತ ಕೇಳಿದರೆ ಭೋಪಾಲಕ್ಕೆ ಹೋಗಬೇಕಾಗುತ್ತದೆ. 1984ರ ಅನಿಲ ದುರಂತದ ನಂತರ, 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ 1989ರ ಡಿಸೆಂಬರಿನಲ್ಲಿ ಅಪಾಯಕಾರಿ ಸೂಕ್ಷ್ಮಜೀವಿಗಳು ಮತ್ತು ಕುಲಾಂತರಿ ಜೀವಿಗಳ ಬಗ್ಗೆ ನಿಯಮಗಳು ಬಂದವು. ಆಗ ದೇಶದ ಯಾವ ಹೊಲದಲ್ಲೂ ಕುಲಾಂತರಿ ಬೆಳೆ ಇರಲಿಲ್ಲ. ಮಗು ಹುಟ್ಟುವ ಮೊದಲೇ ತೊಟ್ಟಿಲು ಕಟ್ಟಿದ ಅಪರೂಪದ ಕೆಲಸ ಅದು.

ತೊಟ್ಟಿಲಿಗೆ ಹಗ್ಗಗಳು ಮಾತ್ರ ಬಹಳ. ಸಂಸ್ಥೆಯೊಳಗೊಂದು ಸುರಕ್ಷತಾ ಸಮಿತಿ. ಅದರ ಮೇಲೆ ಜೈವಿಕ ತಂತ್ರಜ್ಞಾನ ಇಲಾಖೆಯ ಆರ್‌ಸಿಜಿಎಂ, ಅಂದರೆ ಪ್ರಯೋಗಗಳ ಪರಿಶೀಲನಾ ಸಮಿತಿ. ಅದರ ಮೇಲೆ ಪರಿಸರ ಇಲಾಖೆಯ ಜಿಇಎಸಿ. ಇದರ ಹೆಸರಿನಲ್ಲಿ ಆಗ 'ಅಪ್ರೂವಲ್' ಎಂಬ ಪದವಿತ್ತು, ಅದನ್ನು ನೆನಪಿಡಿ. ರಾಜ್ಯಕ್ಕೊಂದು ಸಮಿತಿ, ಜಿಲ್ಲೆಗೊಂದು ಸಮಿತಿ ಕೂಡ ಆ ಕಾಗದದಲ್ಲಿವೆ. ನಮ್ಮೂರಿಗೆ ಹತ್ತಿರವಾದದ್ದು ಜಿಲ್ಲಾ ಸಮಿತಿ. ಅಂಥದ್ದೊಂದಿದೆ ಅಂತ ಕಾಕಾ ಒಮ್ಮೆಯೂ ಕೇಳಿರಲಿಲ್ಲ.

1998ರಲ್ಲಿ ಮಹಿಕೋ-ಮಾನ್ಸಾಂಟೋ ಬಿಟಿ ಹತ್ತಿಯನ್ನು ದೇಶದ 40 ಕಡೆ ಪ್ರಯೋಗಕ್ಕಾಗಿ ಬೆಳೆಯಲು ಒಪ್ಪಿಗೆ ಸಿಕ್ಕಿತು. ಕೊಟ್ಟಿದ್ದು ಜೈವಿಕ ತಂತ್ರಜ್ಞಾನ ಇಲಾಖೆ. ಬಯಲಿನಲ್ಲಿ ಬೆಳೆಯುವುದಕ್ಕೆ ಒಪ್ಪಿಗೆ ಕೊಡಬೇಕಾದದ್ದು ಜಿಇಎಸಿ ಅಲ್ಲವೇ ಎಂಬ ತಕರಾರು ಮರುವರ್ಷ ಸುಪ್ರೀಂ ಕೋರ್ಟಿಗೆ ಹೋಯಿತು. ಅದಕ್ಕಿಂತ ಮೊದಲೇ ಸುದ್ದಿ ರಾಯಚೂರಿಗೆ ಬಂದಿತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಅದಕ್ಕಿಂತ ಆರು ವರ್ಷ ಹಿಂದೆ, 1992ರ ಡಿಸೆಂಬರಿನಲ್ಲಿ, ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟಿತ್ತು. ಈ ಸಲ 1998ರ ನವೆಂಬರ್ ಕೊನೆಗೆ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಹತ್ತಿ ಗಿಡಗಳನ್ನೇ ಕಿತ್ತು ಬೆಂಕಿಯಿಟ್ಟರು. ಚಿತ್ರ ದೇಶವಿದೇಶದ ಪತ್ರಿಕೆಗಳಲ್ಲಿ ಬಂತು.

ಆ ಬೆಂಕಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂದು, ಆಗ ಹಬ್ಬಿದ ಸುದ್ದಿ ತಪ್ಪಾಗಿತ್ತು. ಇದು 'ಟರ್ಮಿನೇಟರ್' ಬೀಜ, ಮರುಹುಟ್ಟು ಇಲ್ಲದ್ದು ಅಂತ ಜನ ಹೇಳುತ್ತಿದ್ದರು. ಟರ್ಮಿನೇಟರ್ ಎಂಬುದಕ್ಕೆ ಅದೇ ವರ್ಷ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ. ರಾಯಚೂರಿನ ಹೊಲದಲ್ಲಿದ್ದದ್ದು ಅದಲ್ಲ. ಎರಡು, ತಪ್ಪು ಸುದ್ದಿ ಅಷ್ಟು ಬೇಗ ಹಬ್ಬಿದ್ದು ಸರಿಯಾದ ಸುದ್ದಿ ಯಾರೂ ಕೊಡದಿದ್ದರಿಂದ. ಯಾವ ಊರಿನ ಯಾವ ಹೊಲದಲ್ಲಿ ಪ್ರಯೋಗ ನಡೆದಿದೆ ಅಂತ ಸುತ್ತಲಿನವರಿಗೆ ಗೊತ್ತಿರಲಿಲ್ಲ. ಗುಟ್ಟಿನಲ್ಲಿ ಬೆಳೆದ ಬೆಳೆಯ ಸುತ್ತ ಗಾಳಿಮಾತು ಕಳೆಯ ಹಾಗೆ ಬೆಳೆಯಿತು.

2001ರಲ್ಲಿ ನಿಯಮಗಳಿಗೆ ನಿಜವಾದ ಪೆಟ್ಟು ಬಿತ್ತು. ಬಿದ್ದದ್ದು ಗುಜರಾತಿನಲ್ಲಿ. ಆ ವರ್ಷ ಕಾಯಿಕೊರಕ ಹತ್ತಿಯನ್ನು ನುಣ್ಣಗೆ ಮಾಡಿತ್ತು. ಆದರೆ ನವಭಾರತ್ 151 ಎಂಬ ತಳಿ ಬಿತ್ತಿದ ಹೊಲಗಳು ಮಾತ್ರ ಹಸಿರಾಗಿ ನಿಂತಿದ್ದವು. ಪರೀಕ್ಷೆ ಮಾಡಿದರೆ ಅದರೊಳಗೆ ಬಿಟಿ ಜೀನು! ಒಪ್ಪಿಗೆಯೇ ಇಲ್ಲದ ಬೀಜ ಸಾವಿರಾರು ಎಕರೆಯಲ್ಲಿ ಆಗಲೇ ಹಬ್ಬಿತ್ತು. ಕಿತ್ತು ಸುಡಿ ಎಂದು ಜಿಇಎಸಿ ಆದೇಶಿಸಿತು. ಎದುರಿಗೆ ಒಡೆದು ನಿಂತ ಬಿಳಿ ಹತ್ತಿ, ಬಿಡಿಸಲು ತಯಾರಾದ ಜನ. ಯಾವ ಸರ್ಕಾರ ಬೆಂಕಿ ಹಚ್ಚೀತು? ಹತ್ತಿ ಮಾರುಕಟ್ಟೆಗೆ ಹೋಯಿತು.

ಎರಡು ಬೆಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಾಯಚೂರಿನಲ್ಲಿ ಸರ್ಕಾರ ಒಪ್ಪಿದ ಬೆಳೆಗೆ ರೈತರು ಬೆಂಕಿಯಿಟ್ಟರು. ಗುಜರಾತಿನಲ್ಲಿ ಸರ್ಕಾರ ಬೆಂಕಿಯಿಡು ಅಂದ ಬೆಳೆಯನ್ನು ರೈತರು ಕಾಪಾಡಿಕೊಂಡರು. ದೆಹಲಿಯ ಮಾತು ಎರಡು ಕಡೆಯೂ ನಡೆಯಲಿಲ್ಲ.

ಐದಾರು ತಿಂಗಳಲ್ಲಿ, 2002ರ ಮಾರ್ಚ್ 26ರಂದು, ಜಿಇಎಸಿ ಮಹಿಕೋದ ಮೂರು ಬಿಟಿ ಹೈಬ್ರಿಡ್‌ಗಳಿಗೆ ಮೂರು ವರ್ಷದ ಮಟ್ಟಿಗೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆಯ ಷರತ್ತುಗಳಲ್ಲೊಂದು ಆ ಶೇ. 20ರ ಆಸರೆ. ಕಾಕಾನ ಡಬ್ಬಿಗೆ ಸೇರಿದ ಪೊಟ್ಟಣ ಹುಟ್ಟಿದ್ದು ಆವತ್ತು.

ಬಿಟಿ ಬಂದ ಮೇಲೆ ಒಳ್ಳೆಯದೇ ಆಗಲಿಲ್ಲವೇ? ಆಯಿತು, ಅದನ್ನು ಮುಚ್ಚಿಡಬಾರದು. ಅದಕ್ಕೂ ಮುಂಚೆ ನಮ್ಮ ಕಡೆ ಹತ್ತಿಗೆ ಎಣ್ಣಿ ಹೊಡೆದು ಹೊಡೆದು ಜನ ಸುಸ್ತಾಗಿದ್ದರು. ಪಂಪು ಹೊತ್ತ ಬೆನ್ನು, ಉರಿಯುವ ಕಣ್ಣು, ಸಾಲ ಬರೆದ ಅಂಗಡಿಯ ಚೀಟಿ ನನಗೂ ನೆನಪಿದೆ. ಬಿಟಿ ಬಂದ ಮೊದಲ ವರ್ಷಗಳಲ್ಲಿ ಹಸಿರು ಕಾಯಿಕೊರಕಕ್ಕೆ ಎಣ್ಣಿ ಹೊಡೆಯೋದು ಕಡಿಮೆಯಾಯಿತು. ಕಾಕಾ ಆ ಬೀಜವನ್ನು ಯಾರ ಒತ್ತಾಯಕ್ಕೂ ತಂದದ್ದಲ್ಲ, ಲೆಕ್ಕ ಹಾಕಿ ತಂದದ್ದು. ಹನ್ನೆರಡು ವರ್ಷಗಳೊಳಗೆ ದೇಶದ ಹತ್ತಿಯಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಬಿಟಿಯೇ ಆಯಿತು.

ಬೆಲೆಯದ್ದು ಬೇರೆ ಜಗಳ. ಸುರುವಿಗೆ ಪಾಕೀಟಿಗೆ ಸುಮಾರು 1,600 ರೂಪಾಯಿ, ಅದರಲ್ಲಿ ದೊಡ್ಡ ಪಾಲು ಜೀನಿನ ಶುಲ್ಕ. 2006ರಲ್ಲಿ ಆಂಧ್ರ ಸರ್ಕಾರ ಏಕಸ್ವಾಮ್ಯ ತಡೆ ಆಯೋಗದ ಮುಂದೆ ಹೋದ ಮೇಲೆ ಅದು 750ಕ್ಕೆ ಇಳಿಯಿತು. ಕೇಂದ್ರವೇ ಬೆಲೆ ಕಟ್ಟುವ ಆದೇಶ ಬಂದದ್ದು 2015ರ ಡಿಸೆಂಬರಿನಲ್ಲಿ.

ಅಗ್ಗದ ಬೀಜಕ್ಕೆ ಇನ್ನೊಂದು ದಾರಿಯಿತ್ತು, ಅದು ನಮ್ಮ ಧಾರವಾಡದ ಮೇಲೇ ಹಾದುಹೋಗಿತ್ತು. 1972ರಲ್ಲಿ ಡಾ. ಬಿ.ಎಚ್. ಕಟರಕಿಯವರ 'ವರಲಕ್ಷ್ಮಿ' ಹೈಬ್ರಿಡ್ ಕೊಟ್ಟ ಊರು ಅದು. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಸೇರಿ 'ಬಿಕಾನೇರಿ ನರ್ಮಾ ಬಿಟಿ' ತಂದವು. ಅದು ಹೈಬ್ರಿಡ್ ಅಲ್ಲ, ತಳಿ. ರೈತ ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದು. 2009ರಲ್ಲಿ ಹೊಲಕ್ಕೂ ಬಂತು. ಅದೇ ವರ್ಷವೇ ನಿಂತೂ ಹೋಯಿತು. ಅದರಲ್ಲಿ ಮಾನ್ಸಾಂಟೋದ ಜೀನಿನ ಗುರುತೇ ಸಿಕ್ಕಿತ್ತು. ವಿಚಾರಣೆಗೆ ಡಾ. ಸುಧೀರ್ ಸೊಪೋರಿ ಸಮಿತಿ ಬಂತು. ಒಪ್ಪಿಗೆ ಕೊಡುವ ಮುಂಚೆ ಇದೆಲ್ಲ ಯಾರ ಕಣ್ಣಿಗೂ ಬೀಳಲಿಲ್ಲವೇ? ಅಷ್ಟೊಂದು ಹಗ್ಗದ ತೊಟ್ಟಿಲು, ಗಂಟು ನೋಡುವವರು ಮಾತ್ರ ಇರಲಿಲ್ಲ.

ಅದೇ 2009ರ ಅಕ್ಟೋಬರ್ 14ರಂದು ಜಿಇಎಸಿ ಬಿಟಿ ಬದನೆಗೂ ಹೂಂ ಅಂದಿತು. ಹತ್ತಿ ಉಡುವುದು, ಬದನೆ ಉಣ್ಣುವುದು. ಈ ಸಲ ಜನ ಸುಮ್ಮನಿರಲಿಲ್ಲ. ಪಟ್ಟಿಯಲ್ಲಿ ಧಾರವಾಡದ ವಿಶ್ವವಿದ್ಯಾಲಯದ ಮೂಲಕ ಹೋದ ನಮ್ಮ ತಳಿಗಳೂ ಇದ್ದವು, ಉಡುಪಿಯ ಗುಳ್ಳ ಸೇರಿ. ವಾದಿರಾಜರ ಹೆಸರಿನೊಂದಿಗೆ ತಳುಕು ಹಾಕಿಕೊಂಡ ಮಟ್ಟುಗುಳ್ಳವನ್ನು ಮುಟ್ಟಿದರೆ ಕರಾವಳಿ ಕೇಳದೇ ಇದ್ದೀತೇ? ಜೀವವೈವಿಧ್ಯ ಕಾಯ್ದೆಯ ಒಪ್ಪಿಗೆಯಿಲ್ಲದೆ ಸ್ಥಳೀಯ ತಳಿ ಬಳಸಿದ್ದಾರೆ ಎಂಬ ದೂರು ರಾಷ್ಟ್ರೀಯ ಪ್ರಾಧಿಕಾರದವರೆಗೂ, ಮುಂದೆ ಕೋರ್ಟಿಗೂ ಹೋಯಿತು.

ಪರಿಸರ ಸಚಿವ ಜೈರಾಮ್ ರಮೇಶ್ 2010ರ ಜನವರಿ-ಫೆಬ್ರುವರಿಯಲ್ಲಿ ಏಳು ಊರುಗಳಲ್ಲಿ ಸಭೆ ಕರೆದರು. ಕೊನೆಯದು ಬೆಂಗಳೂರು. ವಿಜ್ಞಾನಿಗಳು, ರೈತರು, ಕಂಪನಿಯವರು, ವೈದ್ಯರು ಒಂದೇ ಮೈಕಿಗೆ ಸಾಲು ನಿಂತರು. ಕೂಗಾಟವೂ ಆಯಿತು. ಫೆಬ್ರುವರಿ 9ರಂದು ಸಚಿವರು ಬಿಟಿ ಬದನೆಗೆ ತಡೆ ಹಾಕಿದರು. ಆ ವರ್ಷವೇ ಜಿಇಎಸಿಯ ಹೆಸರೂ ಬದಲಾಯಿತು. 'ಅಪ್ರೂವಲ್' ಹೋಗಿ 'ಅಪ್ರೈಸಲ್' ಬಂತು, ಅಂದರೆ ಒಪ್ಪಿಗೆ ಕೊಡುವ ಸಮಿತಿ ತೂಗಿ ನೋಡುವ ಸಮಿತಿಯಾಯಿತು. ಇತ್ತ ಬಾಂಗ್ಲಾದೇಶ 2013ರಲ್ಲಿ ಅದೇ ಬದನೆಗೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ತಡೆ ಮುಂದುವರಿಯಿತು.

ಬದನೆಯ ಗಲಾಟೆಯಲ್ಲಿ ಮುಳುಗಿದ್ದ ಹೊತ್ತಿನಲ್ಲೇ ಹತ್ತಿಯ ಸುದ್ದಿ ಒಂದು ಬಂತು. 2010ರ ಮಾರ್ಚಿನಲ್ಲಿ ಮಾನ್ಸಾಂಟೋ ತಾನೇ ಒಪ್ಪಿಕೊಂಡಿತು: ಗುಜರಾತಿನ ಅಮ್ರೇಲಿ ಮೊದಲಾದ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ತಲೆಮಾರಿನ ಬಿಟಿಗೆ ಜಗ್ಗುತ್ತಿಲ್ಲ. ಎರಡು ಜೀನಿನ ಬೋಲ್‌ಗಾರ್ಡ್-2 ಬಿತ್ತಿ ಅಂದರು. ಕೆಲವು ವರ್ಷಗಳಲ್ಲಿ ಹುಳ ಅದನ್ನೂ ಜೀರ್ಣಿಸಿಕೊಂಡಿತು. ಗುಜರಾತು, ಮಹಾರಾಷ್ಟ್ರ, ತೆಲಂಗಾಣ, ನಮ್ಮ ರಾಯಚೂರು, ಎಲ್ಲ ಕಡೆ ಕಾಯಿ ಒಡೆದರೆ ಗುಲಾಬಿ ಹುಳ.

ಆಸರೆಯ ಐದು ಸಾಲು ಬಿತ್ತಿದವರು ತೀರ ಕಡಿಮೆ ಅಂತ ವಿಜ್ಞಾನಿಗಳು ಹೇಳಿದರು. ರೈತ ಮಾತು ಕೇಳಲಿಲ್ಲ ಎಂಬ ತೀರ್ಪು ಸುಲಭವಾಗಿ ಸಿಕ್ಕಿತು. ಕಾಕಾನ ಡಬ್ಬಿ ನೋಡಿದ ನನಗೆ ಆ ತೀರ್ಪು ಒಪ್ಪಿಗೆಯಾಗಲಿಲ್ಲ. ಮೂರು-ನಾಲ್ಕು ಎಕರೆಯವನಿಗೆ ಐದನೇ ಒಂದು ಭಾಗ ಹುಳಕ್ಕೆ ಬಿಡು ಅಂದವರು ಆ ನಷ್ಟ ತುಂಬಿಕೊಡುವ ಮಾತು ಆಡಲಿಲ್ಲ. ಯಾಕೆ ಬಿಡಬೇಕು ಅಂತ ಅಂಗಡಿಯವನು ಹೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಬಿತ್ತಿದ್ದೀಯಾ ಅಂತ ನೋಡಲು ನಮ್ಮ ಹೊಲಕ್ಕೆ ಒಬ್ಬ ಅಧಿಕಾರಿಯೂ ಬರಲಿಲ್ಲ. ಅಮೆರಿಕದ ನೂರಾರು ಎಕರೆಯ ಜಮೀನಿಗೆ ಹೊಂದುವ ನಿಯಮವನ್ನು ಕತ್ತರಿಸಿ, ಪೊಟ್ಟಣದಲ್ಲಿ ತುಂಬಿ ಕಳಿಸಿದ್ದರು, ಅಷ್ಟೇ.

ಕೊನೆಗೆ ಸರ್ಕಾರಕ್ಕೂ ಇದು ಹೊಳೆಯಿತು. ಬಿಟಿ ಅಲ್ಲದ ಬೀಜವನ್ನು ದೊಡ್ಡ ಪೊಟ್ಟಣದಲ್ಲೇ ಬೆರೆಸಿ ಮಾರಬೇಕು ಎಂಬ ನಿಯಮ 2016ರಲ್ಲಿ ಬಂತು. ಬೀಜ ಬಂದು ಹದಿನಾಲ್ಕು ವರ್ಷವಾಗಿತ್ತು, ಗುಲಾಬಿ ಹುಳ ಆಗಲೇ ಗೆದ್ದಿತ್ತು.

ಕುಲಾಂತರಿ ಬೇಕೋ ಬೇಡವೋ ಎಂಬ ಜಗಳ ಈಗಲೂ ನಡೆದಿದೆ. ಸಾಸಿವೆಯ ವಿಷಯದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಎರಡು ತೀರ್ಪು ಕೊಟ್ಟರು. ನಡೆಯಲಿ, ನಡೆಯಬೇಕಾದ ಜಗಳವೇ. ಆದರೆ ಒಪ್ಪಿಗೆ ಕೊಡುವ ದಿನದ ಬಗ್ಗೆ ನಾವು ಮಾತಾಡಿದಷ್ಟು, ಕೊಟ್ಟ ಮರುದಿನದ ಬಗ್ಗೆ ಮಾತಾಡಲೇ ಇಲ್ಲ. ಹುಳ ಕಾದು ಕೂತಿದ್ದು ಆ ಮರುದಿನಕ್ಕೆ.

ಕಾಕಾ ಈಗ ಹತ್ತಿ ಬಿಟ್ಟು ಗೋವಿನಜೋಳ ಹಾಕುತ್ತಾನೆ. ಕಳೆದ ಸಲ ಹೋದಾಗ ಈ ಕಥೆಯನ್ನೆಲ್ಲ ಅವನಿಗೆ ಹೇಳಿದೆ, ಹುಳ ಹೇಗೆ ಬಾಡಿಗೆ ಕೊಡುತ್ತಿತ್ತು ಎಂಬುದನ್ನೂ. ಸಮಾಧಾನದಿಂದ ಕೇಳಿ, ಅಡಕಿ ಕತ್ತರಿಸುತ್ತಾ ಅಂದ: "ಇದನ್ನ ಆವತ್ತ ಯಾರರ ಹೇಳಿದ್ದರ, ಐದು ಸಾಲಿಗೇನು ಜಗಳ ಮಾಡತಿದ್ನೇನೋ ತಮ್ಮಾ?"