ವೈಟ್‌ಫೀಲ್ಡ್: ಒಂದು ಕನಸಿನ ವಸಾಹತು

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ವೈಟ್‌ಫೀಲ್ಡ್ ಎಂಬ ಹೆಸರು ಹೊಸದಲ್ಲ. ನಮ್ಮ ಮಕ್ಕಳಲ್ಲೋ ನೆಂಟರಿಷ್ಟರಲ್ಲೋ ಯಾರಾದರೊಬ್ಬರು ಬೆಂಗಳೂರಿನ ಮೂಡಲ ದಿಕ್ಕಿನ ಆ ಭಾಗದ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುತ್ತಿರುವುದುಂಟು. ಆದರೆ ಆ ಊರು ಮೊದಲಿಗೆ ಹುಟ್ಟಿದ್ದು ನೇಗಿಲಿನ ಸಲುವಾಗಿ ಎಂಬುದನ್ನು ಬಲ್ಲವರು ವಿರಳ. ಪರಸ್ಥಳದಲ್ಲಿ ಬಾಳು ಕಟ್ಟಿಕೊಂಡ ನಾವು ಕೇಳಬೇಕಾದ ಕಥೆ ಅದು. ಆದುದರಿಂದ ಈ ರಾಜ್ಯೋತ್ಸವ ಸಂಚಿಕೆಯಲ್ಲಿ ಅದನ್ನು ಸಂಗ್ರಹವಾಗಿ ಹೇಳಬಯಸುತ್ತೇವೆ.

ಕಥೆಯ ಬೇರು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿದೆ. ಯುರೋಪಿನ ತಂದೆಗೂ ಈ ದೇಶದ ತಾಯಿಗೂ ಹುಟ್ಟಿದವರನ್ನು ಆಗ ಯುರೇಷಿಯನ್ನರೆಂದು ಕರೆಯುತ್ತಿದ್ದರು. (ಆಂಗ್ಲೋ ಇಂಡಿಯನ್ ಎಂಬ ಮಾತು ಆಗ ಇಲ್ಲಿ ನೆಲೆನಿಂತ ಇಂಗ್ಲಿಷರಿಗೇ ಸಲ್ಲುತ್ತಿತ್ತು, ೧೯೧೧ರ ಜನಗಣತಿಯ ವೇಳೆಗೆ ಅದು ಈ ಮಿಶ್ರ ಜನಾಂಗದ ಹೆಸರಾಯಿತು.) ತಾನೇ ಹುಟ್ಟಿಗೆ ಕಾರಣವಾದ ಈ ಜನವನ್ನು ಕಂಪನಿ ಹೊರಗಿಟ್ಟ ಬಗೆ ವಿಚಿತ್ರವಾದುದು. ೧೭೯೧ರಲ್ಲಿ ದೊಡ್ಡ ನೌಕರಿಗಳ ಬಾಗಿಲು ಅವರಿಗೆ ಮುಚ್ಚಿತು. ೧೭೯೫ರಲ್ಲಿ ಸೈನ್ಯದಲ್ಲಿಯೂ ಕೊಳಲು ಊದುವ, ನಗಾರಿ ಬಾರಿಸುವ, ಕುದುರೆಗೆ ಲಾಳ ಹೊಡೆಯುವಂಥ ಕೆಲಸಗಳಷ್ಟೇ ಉಳಿದವು. ಮುಂದೆ ರೈಲು, ತಂತಿ, ಸುಂಕದ ಇಲಾಖೆಗಳು ಬಂದಾಗ ಅವರಿಗೆ ಅನ್ನ ಸಿಕ್ಕಿತು. ನಮ್ಮ ಭಾಯ್ಖಳಾ, ಪರೇಲ್‌ಗಳ ರೈಲ್ವೆ ವಸತಿಗಳಲ್ಲಿ ಅವರ ಸಂಸಾರಗಳನ್ನು ಕಂಡ ಹಿರಿಯರು ನಮ್ಮ ನಡುವೆ ಇದ್ದರು. ಆದರೆ ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷ್ ಕಲಿತ ಭಾರತೀಯ ಗುಮಾಸ್ತರು ಬಂದರು. ಒಂದೇ ಕುರ್ಚಿಗೆ ಇಬ್ಬರಾದರು.

ಮದರಾಸಿನ ಡಿ. ಎಸ್. ವೈಟ್ ಎಂಬವರು ಈ ಜನಾಂಗದ ಮುಂದಾಳು. ೧೮೭೯ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘವನ್ನು ಕಟ್ಟಿದವರು ಅವರೇ. ಸರಕಾರದ ಸಂಬಳವನ್ನೇ ನೆಚ್ಚಿ ಕೂರುವುದು ಸಾಕು, ನಮ್ಮವರು ಹೊಲ ಉಳಲಿ, ತಮ್ಮದೇ ಊರು ಕಟ್ಟಲಿ ಎಂಬುದು ಅವರ ಹಂಬಲ. ಕನಸಿಗೆ ನೆಲ ಬೇಕಷ್ಟೆ. ಅದನ್ನು ಕೊಟ್ಟವರು ಮೈಸೂರಿನ ಅರಸರು. ೧೮೩೧ರಿಂದ ಇಂಗ್ಲಿಷರ ಕೈಯಲ್ಲಿದ್ದ ರಾಜ್ಯ ೧೮೮೧ರ ಮಾರ್ಚಿಯಲ್ಲಿ ಒಡೆಯರ ವಂಶಕ್ಕೆ ಮರಳಿತ್ತು. ಮರುವರ್ಷವೇ, ಇನ್ನೂ ೨೦ ತುಂಬದ ಚಾಮರಾಜೇಂದ್ರ ಒಡೆಯರು ಬೆಂಗಳೂರಿನ ಪೂರ್ವಕ್ಕೆ ಸುಮಾರು ೩,೯೦೦ ಎಕರೆ ಭೂಮಿಯನ್ನು ಸಂಘಕ್ಕೆ ದಯಪಾಲಿಸಿದರು. ಅಷ್ಟೊಂದು ಭೂಮಿ ಹೇಗೆ ಸಿಕ್ಕಿತೆಂದು ವಾಚಕರು ಕೇಳಬಹುದು. ೧೮೭೬-೭೮ರ ಭೀಕರ ಕ್ಷಾಮವನ್ನು ನೆನೆಯಬೇಕು. ೧೮೭೧ರಲ್ಲಿ ೫೦ ಲಕ್ಷಕ್ಕೆ ಮಿಕ್ಕಿದ್ದ ಮೈಸೂರಿನ ಜನಸಂಖ್ಯೆ ೧೮೮೧ರಲ್ಲಿ ೪೨ ಲಕ್ಷಕ್ಕೆ ಇಳಿದಿತ್ತು. ಉಳುವವರಿಲ್ಲದ ನೆಲಕ್ಕೆ ಹೊಸ ಒಕ್ಕಲು ಬರಲೆಂಬ ಎಣಿಕೆಯೂ ಆ ಔದಾರ್ಯದ ಹಿಂದೆ ಇದ್ದಿರಬೇಕೆಂದು ನಮಗೆ ತೋರುತ್ತದೆ.

ಊರಿಗೆ ವೈಟರ ಹೆಸರನ್ನೇ ಇಟ್ಟರು. ಅದರ ರಚನೆ ಸೊಗಸಾದುದು: ನಡುವೆ ದುಂಡನೆಯ ಹಸುರು ಬಯಲು, ಅದರ ಸುತ್ತ ಬಳೆಯಂತೆ ಒಂದು ದಾರಿ, ದಾರಿಯ ಬದಿಗೆ ತೋಟದ ನಡುವಿನ ಮನೆಗಳು. ಎಲ್ಲರ ಮನೆಯೂ ಬಯಲಿಗೆ ಮುಖಮಾಡಿರಬೇಕು, ಯಾರೂ ಯಾರಿಗೂ ಹಿಂದಲ್ಲ ಎಂಬ ಭಾವ ಆ ನಕ್ಷೆಯಲ್ಲಿ ಕಾಣುತ್ತದೆ. ಸೌಸ್‌ಮಂಡ್ ಎಂಬ ಇನ್ನೊಂದು ವಸತಿಯೂ ನೆರೆಯಲ್ಲಿ ತಲೆಯೆತ್ತಿತು. ೧೮೬೪ರಿಂದಲೇ ಓಡುತ್ತಿದ್ದ ಬೆಂಗಳೂರು-ಜೋಲಾರಪೇಟೆ ರೈಲುದಾರಿ ಕಾಡುಗೋಡಿಯ ಬಳಿ ಹಾಯುತ್ತಿದ್ದುದು ಒಂದು ಅನುಕೂಲ.

ಆದರೆ ಭೂಮಿ ನಕ್ಷೆಯ ಮಾತು ಕೇಳುವುದಿಲ್ಲ. ಅದು ರಾಗಿ, ಹುರುಳಿಯ ಕೆಂಪು ನೆಲ. ವರ್ಷಕ್ಕೆ ಸುಮಾರು ೩೫ ಅಂಗುಲ ಮಳೆ, ಅದೂ ಬಂದರೆ ಬಂತು. ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿಗಳ ರೈತ ಕೆರೆಯನ್ನು ನಂಬಿ, ಆಕಾಶ ನೋಡಿ, ತಲೆಮಾರುಗಳಿಂದ ಅದರೊಡನೆ ಹೆಣಗಿ ಬದುಕಿದವನು. ತಂತಿ ಕಚೇರಿಯಿಂದಲೋ ಲೋಕೋ ಷೆಡ್ಡಿನಿಂದಲೋ ಬಂದವನಿಗೆ ಆ ವಿದ್ಯೆ ಎಲ್ಲಿಂದ ಬರಬೇಕು? ತಾನು ಉಳದೆ ಕೂಲಿಯಿಂದ ಉಳಿಸಿದರೆ ರಾಗಿಯ ಬೆಲೆ ಕೂಲಿಗೇ ಸಾಲದು. ಹೊಲದಲ್ಲಿ ಬೆವರು ಸುರಿಸುವುದು ಅಂತಸ್ತಿಗೆ ಕಡಿಮೆ ಎಂಬ ಬಿಗುಮಾನವೂ ಅಡ್ಡಬಂದಿರಲಾರದೇ? ಅದು ನಮ್ಮ ಓದಿದವರಲ್ಲಿಯೂ ಉಂಟು. ಅವರನ್ನಷ್ಟೇ ಆಡಿಕೊಳ್ಳುವುದು ನ್ಯಾಯವಲ್ಲ. ಅನುಕೂಲವೆಂದುಕೊಂಡ ರೈಲೇ ಕೊನೆಗೆ ವಸಾಹತಿನ ಹರೆಯದವರನ್ನು ಹೊತ್ತೊಯ್ಯಿತು. ಒಂದು ಕಡೆ ಬೆಂಗಳೂರು ದಂಡು, ಇನ್ನೊಂದು ಕಡೆ ೧೮೮೦ರ ದಶಕದಲ್ಲಿ ಏಳಿಗೆಗೆ ಬಂದ ಕೋಲಾರದ ಚಿನ್ನದ ಗಣಿ. ತಿಂಗಳ ಸಂಬಳದ ಮುಂದೆ ಹುರುಳಿ ಹೊಲ ಯಾವ ಲೆಕ್ಕ? ರೈತರ ಊರಾಗಬೇಕಾಗಿದ್ದುದು ಪಿಂಚಣಿದಾರರ ನೆಮ್ಮದಿಯ ಊರಾಯಿತು. ೧೮೯೬ರಿಂದ ಬೆಂಗಳೂರಿನ ದಂಡಿನಲ್ಲಿದ್ದ ವಿನ್‌ಸ್ಟನ್ ಚರ್ಚಿಲ್ ಇಲ್ಲಿಯ ವೇವರ್ಲಿ ಇನ್ ಎಂಬ ವಸತಿಗೃಹದ ಮಾಲೀಕನ ಮಗಳಿಗೆ ಮನಸೋತಿದ್ದನೆಂಬ ಕಥೆಯೊಂದು ಊರಿನಲ್ಲಿದೆ. ಕಥೆ ರುಚಿಯಾಗಿದೆ, ಆಧಾರ ಮಾತ್ರ ತೆಳು.

ಇದೇ ಹೊತ್ತಿಗೆ ನಮ್ಮ ಮುಂಬಯಿಯ ಒಂದು ಉದಾಹರಣೆ ನೆನಪಾಗುತ್ತದೆ. ಕನ್ನಡ ಜಿಲ್ಲೆಯಿಂದ ಬಂದ ಸಾರಸ್ವತ ಗುಮಾಸ್ತರಿಗೂ ಇಲ್ಲಿ ಸೂರಿನ ಸಂಕಟವಿತ್ತು. ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ೧೯೧೫ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹನಿರ್ಮಾಣ ಸಂಘವನ್ನು ನಿಲ್ಲಿಸಿದರು. ಅವರು ಯಾರಿಗೂ ಕಸುಬು ಬಿಡೆಂದು ಹೇಳಲಿಲ್ಲ. ಕಚೇರಿಗೆ ಹೋಗುವವನಿಗೆ ಕಚೇರಿಯ ಹತ್ತಿರವೇ ಮನೆ ಕೊಟ್ಟರು. ಆ ಮನೆಗಳು ನಿಂತವು. ವೈಟರ ಗುರಿ ಇದಕ್ಕಿಂತ ಎಷ್ಟೋ ದೊಡ್ಡದು. ಅವರು ಒಂದು ಜನಾಂಗದ ಬಾಳುವೆಯನ್ನೇ ತಿರುಗಿಸಹೊರಟಿದ್ದರು. ಇಂಥದೇ ಆಸೆಯಿಂದ ೧೯೩೩ರಲ್ಲಿ ಇಂದಿನ ಝಾರ್ಖಂಡದಲ್ಲಿ ಮೆಕ್ಲಸ್ಕೀಗಂಜ್ ಎದ್ದು, ಅದೂ ಬಡವಾಯಿತು.

೧೯೪೭ರ ನಂತರ ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಹಡಗು ಹತ್ತಿದವು. ಇಲ್ಲಿಯೇ ಉಳಿದವರು, ಇದೇ ನಮ್ಮ ಊರು ಎಂದವರೂ ಇದ್ದರು; ಅವರನ್ನು ಮರೆಯಲಾಗದು. ೧೯೯೦ರ ದಶಕದಲ್ಲಿ ತಂತ್ರಾಂಶದ ಉದ್ಯಮ ಬಂದು, ರಾಗಿ ಬೆಳೆಯಲು ಹಿಂಜರಿದ ನೆಲಕ್ಕೆ ಚದರಡಿಯ ಬೆಲೆ ಬಂತು. ೨೦೨೩ರ ಮಾರ್ಚಿಯಲ್ಲಿ ಮೆಟ್ರೋ ರೈಲೂ ಕಾಡುಗೋಡಿಯನ್ನು ಮುಟ್ಟಿತು. ಹಳೆಯ ಹೆಂಚಿನ ಬಂಗಲೆಗಳು ಒಂದೊಂದಾಗಿ ಉರುಳಿ ಬಹುಮಹಡಿಗಳು ಎದ್ದಿವೆ. ಆ ದುಂಡು ದಾರಿಗೆ ಮಾತ್ರ ಇಂದಿಗೂ ಇನ್ನರ್ ಸರ್ಕಲ್ ಎಂದೇ ಹೆಸರು.