ಗ್ರಾಮೀಣ ಸಾರಿಗೆ ಮತ್ತು ಸ್ವಂತ ವಾಹನದ ಅನಿವಾರ್ಯತೆ: ಮಲೆನಾಡಿನ ಸ್ಥಿತಿ

ಸಾರ್ವಜನಿಕ ಸಾರಿಗೆಯ ಕೊರತೆಯಿಂದ ಶಿಕ್ಷಣ, ಚಿಕಿತ್ಸೆ, ಉದ್ಯೋಗ ಮತ್ತು ಸಂತೆಗಳಿಂದ ದೂರವುಳಿಯುವ ಗ್ರಾಮಗಳನ್ನು ಸಾರಿಗೆ ಸೌಲಭ್ಯ ವಂಚಿತ ಗ್ರಾಮಗಳೆಂದು ಪರಿಗಣಿಸಬಹುದಾಗಿದೆ. ಮಲೆನಾಡಿನಲ್ಲಿ ಈ ಸಮಸ್ಯೆಯು ತೀವ್ರವಾಗಿರುತ್ತದೆ. ಇಲ್ಲಿ ಮನೆಗಳು ತೋಟ, ಗದ್ದೆಗಳ ನಡುವೆ ಚದುರಿಕೊಂಡಿದ್ದು, ಬಸ್ ಸಂಚರಿಸುವ ರಸ್ತೆಯವರೆಗೆ ನಡೆದೇ ಬರಬೇಕಾಗುತ್ತದೆ. ಪ್ರಯಾಣಿಕರ ಸಂಖ್ಯೆ ಕಡಿಮೆಯಿರುವುದರಿಂದ ಇಂತಹ ಮಾರ್ಗಗಳಿಂದ ಆದಾಯವೂ ಅಲ್ಪ.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಸಾರಿಗೆ ಕಾರ್ಮಿಕರೇ 1991ರಲ್ಲಿ ಆರಂಭಿಸಿದ ‘ಸಹಕಾರ ಸಾರಿಗೆ’ ಸಂಸ್ಥೆಯು ಒಳಭಾಗದ ಹಳ್ಳಿಗಳಿಗೂ ಬಸ್ಸುಗಳನ್ನು ಓಡಿಸುತ್ತಿತ್ತು. ಆರ್ಥಿಕ ಸಂಕಷ್ಟದಿಂದ ಅದು 2020ರಲ್ಲಿ ಸೇವೆಯನ್ನು ಸ್ಥಗಿತಗೊಳಿಸಿತು. ಬಸ್ ನಿಂತ ಊರುಗಳಲ್ಲಿ ಅನುಕೂಲಸ್ಥರು ಬೈಕು, ಜೀಪು, ಕಾರುಗಳನ್ನು ಕೊಳ್ಳುತ್ತಾರೆ. ಇದರಿಂದ ಉಳಿದ ಬಸ್ಸುಗಳ ಪ್ರಯಾಣಿಕರೂ ಕಡಿಮೆಯಾಗಿ ಮತ್ತೊಂದು ಟ್ರಿಪ್ ರದ್ದಾಗುವ ಸಂಭವವಿರುತ್ತದೆ. ವೃದ್ಧರು, ತೋಟದ ಕೂಲಿ ಕಾರ್ಮಿಕರು ಹಾಗೂ ಚಾಲನಾ ಪರವಾನಗಿಯ ವಯಸ್ಸು ತಲುಪದ ವಿದ್ಯಾರ್ಥಿಗಳು ಬಾಡಿಗೆ ಆಟೋವನ್ನೋ ಪರಿಚಯಸ್ಥರ ವಾಹನವನ್ನೋ ಕಾಯಬೇಕಾಗುತ್ತದೆ. ಮನೆಯಲ್ಲಿ ಒಂದು ಬೈಕಿದ್ದರೂ ಅದು ಸಾಮಾನ್ಯವಾಗಿ ಗಂಡಸರ ಕೆಲಸಕ್ಕೇ ಮೀಸಲು.

ರಾಜ್ಯ ಸರ್ಕಾರವು 2023ರ ಜೂನ್ 11ರಂದು ‘ಶಕ್ತಿ’ ಯೋಜನೆಯನ್ನು ಜಾರಿಗೆ ತಂದು, ಸಾರಿಗೆ ನಿಗಮಗಳ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣದ ಅವಕಾಶ ಕಲ್ಪಿಸಿರುತ್ತದೆ. ಖಾಸಗಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಮಲೆನಾಡಿನ ಹಲವು ಮಾರ್ಗಗಳಲ್ಲಿ ಖಾಸಗಿ ಬಸ್ಸುಗಳೇ ಆಧಾರ. ನಿಗಮದ ಬಸ್ ತಲುಪದ ಗ್ರಾಮಗಳ ಮಹಿಳೆಯರು ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಈಗಲೂ ಹಣ ತೆರಬೇಕಾಗಿದೆ.